ಇ.ಸಿ.ಜಿ. ಕಾಗದದಲ್ಲಿ ಏನಿರುತ್ತದೆ?



ಹೋದ ವರ್ಷ ದಸರಾ ರಜೆ ಮುಗಿದ ಮೇಲೆ ಶಾಲೆ ಶುರುವಾದ ಮೊದಲ ವಾರದ ಮಾತು. ಆಟದ ಪೀರಿಯಡ್‌ನಲ್ಲಿ ಎಲ್ಲರೂ ಖೋ ಖೋ ಆಡುತ್ತಿದ್ದರೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮಾತ್ರ ಬೇವಿನ ಗಿಡದ ಕೆಳಗೆ ಸುಮ್ಮನೆ ಕೂತಿದ್ದಳು. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು ಅವಳೇ.

"ಯಾಕವ್ವಾ, ಇವತ್ತ ಆಡಂಗಿಲ್ಲೇನು?" ಅಂದೆ.

"ಇಲ್ರಿ ಸರ. ನನಗ ಎದಿ ಬ್ಯಾನಿ ಅದಂತ. ಓಡಬ್ಯಾಡ ಅಂದಾಳ್ರಿ ನಮ್ಮವ್ವ."

ಮರುದಿನ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತಂದು ಕೊಟ್ಟಳು. ಗುಲಾಬಿ ಬಣ್ಣದ ಚೌಕಗಳ ಮೇಲೆ ಕಪ್ಪು ಗೆರೆ. ಮೇಲೆ ಇಂಗ್ಲಿಷಿನಲ್ಲಿ ಎರಡು ಪದ: ಸೈನಸ್ ಅರಿದ್ಮಿಯಾ. ರಜೆಯಲ್ಲಿ ಜ್ವರ ಬಂದಾಗ ಪಟ್ಟಣದ ದವಾಖಾನೆಯೊಂದರಲ್ಲಿ ಇ.ಸಿ.ಜಿ. ತೆಗೆದಿದ್ದರಂತೆ. ಗದ್ದಲದಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅವಳ ಕಾಕಾ ಫೋನಿನಲ್ಲಿ 'ಅರಿದ್ಮಿಯಾ' ಅಂತ ಹುಡುಕಿದರು. ಸಿಕ್ಕಿದ್ದೆಲ್ಲ ಹೃದಯಸ್ತಂಭನ, ಹಠಾತ್ ಸಾವು, ಆಪರೇಷನ್ನಿನ ಸುದ್ದಿ. ಅಂದಿನಿಂದ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಅವರ ಆಯಿ ಮಾತ್ರ ದೇವರಿಗೆ ಹರಕೆ ಹೊತ್ತು ಧೈರ್ಯವಾಗಿದ್ದರು.

ನಾನು ಡಾಕ್ಟರ್ ಅಲ್ಲ, ವಿಜ್ಞಾನದ ಮೇಷ್ಟ್ರು. ಆ ಕಾಗದವನ್ನು ಬೀದರಿನಲ್ಲಿ ಗೊತ್ತಿರುವ ಒಬ್ಬ ವೈದ್ಯರಿಗೆ ತೋರಿಸಿಕೊಂಡು ಬಂದೆ. ಅವರು ಹೇಳಿದ್ದನ್ನು ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ಆ ಗೆರೆ ಎಲ್ಲಿಂದ ಬಂತು ಅನ್ನೋದು ನಿಮಗೆ ಗೊತ್ತಾಗಬೇಕು.

ಪಂಪಿಗೆ ಕರೆಂಟ್ ಎಲ್ಲಿಂದ?

ಹೃದಯ ಒಂದು ಪಂಪು ಅಂತ ಪುಸ್ತಕದಲ್ಲಿ ಓದಿದ್ದೀರಿ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ, ನಡುವೆ ಕವಾಟ. ಚಿತ್ರ ಬರೆದು ಐದು ಅಂಕ ತಗೊಂಡು ಮರೆತುಬಿಡುತ್ತೇವೆ. ಆದರೆ ಹೊಲದ ಬೋರ್‌ವೆಲ್ ಪಂಪಿಗೆ ಕರೆಂಟ್ ಬೇಕು, ಸ್ಟಾರ್ಟರ್ ಬೇಕು. ಈ ಪಂಪಿನ ಸ್ಟಾರ್ಟರ್ ಎಲ್ಲಿದೆ ಅಂತ ಯಾರಾದರೂ ಕೇಳಿದ್ದೀರಾ?

ಅದು ಹೃದಯದೊಳಗೇ ಇದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದೆರಡು ಸೆಂಟಿಮೀಟರಿಗಿಂತ ದೊಡ್ಡದಲ್ಲದ ಜೀವಕೋಶಗಳ ಒಂದು ಗುಂಪು. ಅದರ ಹೆಸರು ಸೈನಸ್ ನೋಡ್. ಈ ಕೋಶಗಳೊಳಗೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು ಒಳಹೊರಗೆ ಓಡಾಡುವುದರಿಂದ ಯಾರೂ ಹೇಳದಿದ್ದರೂ ತಾವಾಗಿಯೇ ವಿದ್ಯುತ್ ಮಿಡಿತ ಹುಟ್ಟುತ್ತದೆ. ಮಿದುಳು ಅದನ್ನು ಜೋರು ಮಾಡಬಹುದು, ನಿಧಾನ ಮಾಡಬಹುದು. ಆದರೆ ಹುಟ್ಟಿಸುವುದು ಹೃದಯವೇ. ಅದಕ್ಕೇ ಕಪ್ಪೆಯ ಹೃದಯವನ್ನು ದೇಹದಿಂದ ಹೊರತೆಗೆದು ಉಪ್ಪುನೀರಿನಲ್ಲಿಟ್ಟರೂ ಸ್ವಲ್ಪ ಹೊತ್ತು ಬಡಿಯುತ್ತಲೇ ಇರುತ್ತದೆ.

ಈ ಸ್ಟಾರ್ಟರನ್ನು ಮೊದಲು ಕಂಡವನು ನಿಮ್ಮ ಹಾಗೆ ಇನ್ನೂ ಓದುತ್ತಿದ್ದ ಒಬ್ಬ ಹುಡುಗ. ಇಂಗ್ಲೆಂಡಿನ ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿ. ನೆಲ ತೋಡಿಕೊಂಡು ಬದುಕುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಅವನಿಗೆ ಇದು ಕಂಡಿತು. ಅವನೂ ಅವನ ಗುರು ಆರ್ಥರ್ ಕೀತ್ ಕೂಡಿ 1907ರಲ್ಲಿ ಪ್ರಕಟಿಸಿದರು. ಅದರ ಹಿಂದಿನ ವರ್ಷವಷ್ಟೇ ಸುನಾವೋ ತವಾರಾ ಎಂಬ ಜಪಾನಿ ವಿಜ್ಞಾನಿ ಇನ್ನೊಂದು ಕೇಂದ್ರವನ್ನು ವಿವರಿಸಿದ್ದ. ಅದು ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಿನ ಎ.ವಿ. ನೋಡ್. ಮೇಲಿಂದ ಬಂದ ಮಿಡಿತವನ್ನು ಇದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು ನಿಲ್ಲಿಸಿಕೊಳ್ಳುತ್ತದೆ. ಯಾಕೆ? ಮೇಲಿನ ಕೋಣೆಗಳು ಹಿಂಡಿ ರಕ್ತವನ್ನು ಕೆಳಗೆ ತುಂಬಿಸಲಿಕ್ಕೆ ಅಷ್ಟು ಸಮಯ ಬೇಕು. ಎರಡೂ ಒಮ್ಮೆಲೇ ಹಿಂಡಿದರೆ ರಕ್ತ ಹೋಗುವುದಾದರೂ ಎಲ್ಲಿಗೆ?

ಅಲ್ಲಿಂದ ಮುಂದೆ ತೆಳುವಾದ ತಂತುಗಳ ಮೂಲಕ ಮಿಡಿತ ಎರಡೂ ಹೃತ್ಕುಕ್ಷಿಗಳಿಗೆ ಹರಡುತ್ತದೆ. ಸೈನಸ್ ನೋಡ್ ನಿಮಿಷಕ್ಕೆ 60ರಿಂದ 100 ಮಿಡಿತ ಕೊಡುತ್ತದೆ. ಅದು ಸುಮ್ಮನಾದರೆ ಎ.ವಿ. ನೋಡ್ ಸುತ್ತಲಿನ ಭಾಗ 40ರಿಂದ 60ರ ವೇಗದಲ್ಲಿ ಕೆಲಸ ವಹಿಸಿಕೊಳ್ಳುತ್ತದೆ. ಅದೂ ಕೈಕೊಟ್ಟರೆ ಹೃತ್ಕುಕ್ಷಿಗಳೇ 20ರಿಂದ 40ರ ವೇಗದಲ್ಲಿ ಹೇಗೋ ನಡೆಸಿಕೊಂಡು ಹೋಗುತ್ತವೆ. ಹೆಡ್‌ಮಾಸ್ತರು ಬಾರದಿದ್ದ ದಿನ ಹಿರಿಯ ಮೇಷ್ಟ್ರು ಶಾಲೆ ನಡೆಸುತ್ತಾರೆ. ಅವರೂ ಬಾರದಿದ್ದರೆ ಕ್ಲಾಸ್ ಲೀಡರ್ ನಡೆಸುತ್ತಾನೆ. ಶಾಲೆ ನಡೆಯುತ್ತದೆ, ಆದರೆ ಹೇಗೆ ನಡೆಯುತ್ತದೆ ಅನ್ನೋದು ನಿಮಗೇ ಗೊತ್ತು!

ಉಪ್ಪುನೀರಿನ ಬಕೆಟ್ಟು

ನಮ್ಮ ದೇಹದಲ್ಲಿ ಉಪ್ಪು ಕರಗಿದ ನೀರೇ ಹೆಚ್ಚು. ಉಪ್ಪುನೀರು ವಿದ್ಯುತ್ ವಾಹಕ, ಎಂಟನೇ ತರಗತಿಯಲ್ಲಿ ಬಲ್ಬು ಹಚ್ಚಿ ನೋಡಿದ್ದೀರಿ. ಆದ್ದರಿಂದ ಹೃದಯದಲ್ಲಿ ಹುಟ್ಟಿದ ಮಿಡಿತದ ಒಂದು ಸಣ್ಣ ಅಂಶ ಕೈಕಾಲಿನ ಚರ್ಮದವರೆಗೂ ಬರುತ್ತದೆ. ಎಷ್ಟು ಸಣ್ಣದು? ಸುಮಾರು ಒಂದು ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲು 1.5 ವೋಲ್ಟ್. ಅಂದರೆ ಅದರ ಸಾವಿರದೈನೂರನೇ ಒಂದು ಭಾಗ.

1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಇದನ್ನು ಮೊದಲ ಸಲ ಮನುಷ್ಯನ ದೇಹದ ಹೊರಗಿನಿಂದಲೇ ಹಿಡಿದು ತೋರಿಸಿದ. ತನ್ನ ನಾಯಿ ಜಿಮ್ಮಿಯ ಮೇಲೂ ಮಾಡಿ ತೋರಿಸುತ್ತಿದ್ದ. ಜಿಮ್ಮಿ ಉಪ್ಪುನೀರಿನ ಪಾತ್ರೆಯಲ್ಲಿ ಕಾಲಿಟ್ಟು ಸುಮ್ಮನೆ ನಿಲ್ಲುತ್ತಿತ್ತು. 1909ರಲ್ಲಿ ಈ ಪ್ರದರ್ಶನ ನಡೆದಾಗ, ಪ್ರಾಣಿಗೆ ಹಿಂಸೆ ಆಗುತ್ತಿದೆ ಅಂತ ಬ್ರಿಟಿಷ್ ಪಾರ್ಲಿಮೆಂಟಿನಲ್ಲೇ ಪ್ರಶ್ನೆ ಎದ್ದಿತು. ನಾಯಿ ನಿಂತಿದ್ದು ಅಡುಗೆ ಉಪ್ಪು ಬೆರೆಸಿದ ನೀರಿನಲ್ಲಿ ಅಷ್ಟೇ ಅಂತ ಮಂತ್ರಿ ಉತ್ತರ ಕೊಡಬೇಕಾಯಿತು.

ವಾಲರನ ಉಪಕರಣ ನಿಧಾನ, ಗೆರೆ ಮಸುಕು. ಅದನ್ನು ಸರಿ ಮಾಡಿದವನು ನೆದರ್‌ಲ್ಯಾಂಡ್ಸ್ ದೇಶದ ವಿಲ್ಲೆಮ್ ಐಂತೋವನ್. ಕೂದಲಿಗಿಂತ ತೆಳುವಾದ, ಬೆಳ್ಳಿ ಲೇಪಿಸಿದ ಸ್ಫಟಿಕದ ಎಳೆಯನ್ನು ದೊಡ್ಡ ಅಯಸ್ಕಾಂತದ ನಡುವೆ ಕಟ್ಟಿದ. ಎಳೆಯಲ್ಲಿ ವಿದ್ಯುತ್ ಹರಿದರೆ ಅದು ಅಲುಗುತ್ತದೆ. ಅದರ ನೆರಳನ್ನು ಓಡುವ ಫೋಟೋ ಪಟ್ಟಿಯ ಮೇಲೆ ಹಿಡಿದ. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲಿಕ್ಕೆ ಐದು ಜನ. ರೋಗಿ ಕೈ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕು. ರೋಗಿಗಳನ್ನು ಯಂತ್ರದ ಹತ್ತಿರ ತರುವುದು ಕಷ್ಟವಾದಾಗ ಐಂತೋವನ್ ಇನ್ನೊಂದು ಉಪಾಯ ಮಾಡಿದ. 1905ರಲ್ಲಿ ಲೈಡನ್ ಊರಿನ ಆಸ್ಪತ್ರೆಯಿಂದ ತನ್ನ ಪ್ರಯೋಗಾಲಯಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ಟೆಲಿಫೋನ್ ತಂತಿಯ ಮೇಲೆ ಹೃದಯದ ಮಿಡಿತವನ್ನು ತರಿಸಿಕೊಂಡ. ಇದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ. 1924ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು.

ಈಗ ಬಕೆಟ್ಟಿಲ್ಲ. ಕೈಕಾಲಿಗೆ ನಾಲ್ಕು, ಎದೆಗೆ ಆರು, ಒಟ್ಟು ಹತ್ತು ಕಡೆ ತಂತಿ ಅಂಟಿಸುತ್ತಾರೆ. ಅವುಗಳಿಂದ ಹನ್ನೆರಡು ನೋಟ ಸಿಗುತ್ತದೆ. ಬೀದರ ಕೋಟೆಯನ್ನು ಒಂದು ಬಾಗಿಲಿನಿಂದ ನೋಡಿದರೆ ಒಂದು ಚಿತ್ರ, ಇನ್ನೊಂದು ಕಡೆಯಿಂದ ನೋಡಿದರೆ ಇನ್ನೊಂದು. ಹಾಗೇ ಇದೂ. ತಂತಿ ಹಚ್ಚಿದಾಗ ತುಂಬ ಮಂದಿ "ಕರೆಂಟ್ ಹೊಡೀತದೇನ್ರಿ?" ಅಂತ ಹೆದರುತ್ತಾರೆ. ಯಂತ್ರ ನಿಮ್ಮೊಳಗೆ ಏನನ್ನೂ ಬಿಡುವುದಿಲ್ಲ. ನಿಮ್ಮದೇ ಕರೆಂಟನ್ನು ಅದು ಕೇಳಿಸಿಕೊಳ್ಳುತ್ತದೆ.

ಚೌಕಗಳ ಲೆಕ್ಕ

ಈಗ ಆ ಹುಡುಗಿಯ ಕಾಗದ ಬಿಚ್ಚೋಣ. ಇದು ನಿಮ್ಮ ಗಣಿತದ ಗ್ರಾಫ್ ಕಾಗದವೇ. ಅಡ್ಡ ಅಕ್ಷ ಸಮಯ, ಲಂಬ ಅಕ್ಷ ವೋಲ್ಟೇಜು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಸಣ್ಣ ಚೌಕ 1 ಮಿಲಿಮೀಟರ್, ಅಂದರೆ 0.04 ಸೆಕೆಂಡು. ಐದು ಸಣ್ಣ ಚೌಕ ಸೇರಿದರೆ ಒಂದು ದೊಡ್ಡ ಚೌಕ, 0.2 ಸೆಕೆಂಡು. ಎತ್ತರದಲ್ಲಿ 10 ಮಿಲಿಮೀಟರ್ ಅಂದರೆ 1 ಮಿಲಿವೋಲ್ಟ್.

ಗೆರೆಯಲ್ಲಿ ಮೊದಲು ಒಂದು ಸಣ್ಣ ಗುಡ್ಡ ಬರುತ್ತದೆ. ಅದು ಪಿ ಅಲೆ, ಹೃತ್ಕರ್ಣಗಳಲ್ಲಿ ಮಿಡಿತ ಹರಡಿದ್ದರ ಗುರುತು. ಆಮೇಲೆ ಸ್ವಲ್ಪ ಸಪಾಟು ಗೆರೆ. ಎ.ವಿ. ನೋಡ್ ತಡೆದು ನಿಲ್ಲಿಸುತ್ತದೆ ಅಂದೆನಲ್ಲ, ಆ ಸಮಯ ಇದರಲ್ಲೇ ಬರುತ್ತದೆ. ಮುಂದೆ ಚೂಪಾದ ಶಿಖರ. ಅದಕ್ಕೆ ಕ್ಯು, ಆರ್, ಎಸ್ ಅಂತ ಮೂರು ಅಕ್ಷರ. ಹೃತ್ಕುಕ್ಷಿಗಳು ಮಿಡಿದದ್ದು ಇಲ್ಲಿ. ಕೊನೆಗೆ ದುಂಡಗಿನ ಟಿ ಅಲೆ. ಹೃತ್ಕುಕ್ಷಿಗಳು ಮುಂದಿನ ಬಡಿತಕ್ಕೆ ಮತ್ತೆ ಸಜ್ಜಾಗುವುದು ಅದರಲ್ಲಿ. ಈ ಅಕ್ಷರಗಳನ್ನು ಇಟ್ಟವನೂ ಐಂತೋವನ್ನೇ.

ಬಡಿತದ ವೇಗ ಕಂಡುಹಿಡಿಯಲಿಕ್ಕೆ ಒಂದು ಸುಲಭ ಉಪಾಯ. ಒಂದು ನಿಮಿಷದಲ್ಲಿ 0.2 ಸೆಕೆಂಡಿನ ದೊಡ್ಡ ಚೌಕ ಎಷ್ಟು? 60 ಭಾಗಿಸು 0.2, ಅಂದರೆ 300. ಎರಡು ಶಿಖರಗಳ ನಡುವೆ ಎಷ್ಟು ದೊಡ್ಡ ಚೌಕ ಇದೆಯೋ ಅದರಿಂದ 300ನ್ನು ಭಾಗಿಸಿ. ನಾಲ್ಕು ಚೌಕ ಇದ್ದರೆ 75. ಮೂರಿದ್ದರೆ 100. ಎರಡೇ ಇದ್ದರೆ 150.

ಆ ಹುಡುಗಿಯ ಕಾಗದದಲ್ಲಿ ಶಿಖರಗಳ ನಡುವಿನ ಅಂತರ ಒಂದೇ ಸಮ ಇರಲಿಲ್ಲ. ಒಂದು ಕಡೆ ನಾಲ್ಕು ಚೌಕ, ಆಮೇಲೆ ಮೂರೂವರೆ, ಆಮೇಲೆ ಮೂರು, ಮತ್ತೆ ನಿಧಾನವಾಗಿ ನಾಲ್ಕು. ಅಂದರೆ ವೇಗ 75ರಿಂದ 100ಕ್ಕೆ ಏರಿ ಮತ್ತೆ ಇಳಿಯುತ್ತಿದೆ. ಇದನ್ನೇ ಯಂತ್ರ 'ಅರಿದ್ಮಿಯಾ' ಅಂದದ್ದು. ಅರಿದ್ಮಿಯಾ ಅಂದರೆ ಲಯ ಸಮವಿಲ್ಲ ಅಂತ ಅಷ್ಟೇ. ಕಾಕಾ ಹುಡುಕಿದ್ದು ಆ ಒಂದೇ ಪದವನ್ನು. ಅದರ ಹಿಂದಿನ 'ಸೈನಸ್' ಪದವನ್ನು ಬಿಟ್ಟುಬಿಟ್ಟರು. ಸೈನಸ್ ಅಂದರೆ ಮಿಡಿತ ಹುಟ್ಟಬೇಕಾದ ಜಾಗದಲ್ಲೇ, ಆ ಸೈನಸ್ ನೋಡ್‌ನಲ್ಲೇ, ಹುಟ್ಟುತ್ತಿದೆ ಅಂತ. ಪ್ರತಿ ಶಿಖರದ ಮುಂದೆ ಒಂದು ಪಿ ಅಲೆ ಇತ್ತು, ಎಲ್ಲ ಪಿ ಅಲೆಗಳೂ ಒಂದೇ ಆಕಾರದಲ್ಲಿದ್ದವು. ಬೀದರಿನ ವೈದ್ಯರು ಕಾಗದವನ್ನು ಅರ್ಧ ನಿಮಿಷ ನೋಡಿ ನಕ್ಕರು. "ಮಾಸ್ತರ, ಹುಡುಗಿ ಉಸಿರಾಡ್ಲಿಕ್ಕತ್ತಾಳ, ಅಷ್ಟ" ಅಂದರು.

ಇದನ್ನು ಈಗಲೇ ನೀವೂ ಮಾಡಿ ನೋಡಬಹುದು. ಅಂಗೈ ಮೇಲಾಗಿ ಹಿಡಿದು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಮೂರು ಬೆರಳಿಡಿ. ಹೆಬ್ಬೆರಳಿಡಬೇಡಿ, ಅದರದ್ದೇ ನಾಡಿ ಬಡಿದು ಲೆಕ್ಕ ತಪ್ಪಿಸುತ್ತದೆ. ಐದು ಸೆಕೆಂಡು ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಐದು ಸೆಕೆಂಡು ಬಿಡಿ. ಎಳೆದುಕೊಳ್ಳುವಾಗ ನಾಡಿ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ಎಂಬ ನರ ಬ್ರೇಕಿನಂತೆ ಕೆಲಸ ಮಾಡುತ್ತದೆ. ಉಸಿರು ಎಳೆದಾಗ ಬ್ರೇಕು ಸಡಿಲ, ಬಿಟ್ಟಾಗ ಬಿಗಿ. ನಿಮ್ಮ ವಯಸ್ಸಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ, ವಯಸ್ಸಾದ ಹಾಗೆ ಕಡಿಮೆಯಾಗುತ್ತದೆ. ಅಂದರೆ ಅದು ಎಳೆಯ, ಆರೋಗ್ಯವಂತ ಹೃದಯದ ಗುಣ. ಅದಕ್ಕಾಗಿ ಒಂದು ಮನೆಯವರು ಹತ್ತು ದಿನ ಅನ್ನ ಬಿಟ್ಟಿದ್ದರು.

ಯಂತ್ರ ಬರೆದದ್ದೆಲ್ಲ ತೀರ್ಪಲ್ಲ

ಈಗಿನ ಇ.ಸಿ.ಜಿ. ಯಂತ್ರಗಳು ಗೆರೆಯ ಜೊತೆಗೆ ತಮ್ಮ ಅಭಿಪ್ರಾಯವನ್ನೂ ಅಚ್ಚು ಹಾಕುತ್ತವೆ. ನನ್ನನ್ನು ಕೇಳಿದರೆ ಅದನ್ನು ರೋಗಿಯ ಕೈಗೆ ಹಾಗೇ ಕೊಡಬಾರದು. ಕಂಪ್ಯೂಟರಿಗೆ ಮುಂದೆ ಮಲಗಿದವರು ಯಾರು ಅಂತ ತಿಳಿಯದು. ವಯಸ್ಸು ಹಾಕದಿದ್ದರೆ ಹನ್ನೆರಡು ವರ್ಷದವನನ್ನೂ ನಲವತ್ತರವನ ಅಳತೆಯಲ್ಲೇ ಅಳೆಯುತ್ತದೆ. ಮಕ್ಕಳಲ್ಲಿ ಎದೆಯ ಬಲಭಾಗದ ತಂತಿಗಳಲ್ಲಿ ಟಿ ಅಲೆ ಕೆಳಮುಖವಾಗಿರುವುದು ಸಹಜ. ದೊಡ್ಡವರಲ್ಲಿ ಅದೇ ಗೆರೆ ಕಂಡರೆ ವೈದ್ಯರು ಯೋಚಿಸಬೇಕಾಗುತ್ತದೆ. ಬಲಗೈ ತಂತಿ ಎಡಗೈಗೆ ಹಾಕಿದರೆ ಕೆಲವು ಅಲೆಗಳು ತಲೆಕೆಳಗಾಗುತ್ತವೆ. ಚಳಿಗೆ ನಡುಗುತ್ತಿದ್ದರೆ ಗೆರೆಯಲ್ಲಿ ಸಣ್ಣ ಸಣ್ಣ ಹಲ್ಲು ಮೂಡಿ ದೊಡ್ಡ ಕಾಯಿಲೆಯ ಹಾಗೆ ಕಾಣುತ್ತದೆ. ಕಾಗದವನ್ನು ಓದಬೇಕಾದವರು ರೋಗಿಯನ್ನು ಮುಟ್ಟಿ ನೋಡಿದ, ಮಾತಾಡಿಸಿದ ವೈದ್ಯರು.

ಆದರೂ ಕಾಗದದ ಮೇಲೆ ಬರುವ ಕೆಲವು ಪದ ಗೊತ್ತಿರಲಿ. 'ಟ್ಯಾಕಿಕಾರ್ಡಿಯಾ' ಅಂದರೆ 100ಕ್ಕಿಂತ ಜೋರು. ಜ್ವರ, ಹೆದರಿಕೆ, ರಕ್ತಹೀನತೆ, ಮೆಟ್ಟಿಲು ಹತ್ತಿ ಬಂದದ್ದು, ಯಾವುದೂ ಕಾರಣ ಆಗಬಹುದು. 'ಬ್ರಾಡಿಕಾರ್ಡಿಯಾ' ಅಂದರೆ 60ಕ್ಕಿಂತ ನಿಧಾನ. ದಿನಾ ಓಡುವ ಕ್ರೀಡಾಪಟುಗಳಲ್ಲಿ ಇದು ಸಹಜ, ಆದರೆ ತಲೆ ಸುತ್ತಿ ಬೀಳುವ ಮುದುಕರಲ್ಲಿ ಅಲ್ಲ. 'ಎಕ್ಟೋಪಿಕ್' ಅಂದರೆ ಎಲ್ಲಿಂದಲೋ ಒಂದು ಬಡಿತ ಸರದಿ ತಪ್ಪಿಸಿ ಮುಂಚೆಯೇ ಬಂದದ್ದು. ಆಮೇಲೆ ಒಂದು ವಿರಾಮ. ಎದೆ 'ಧಸಕ್' ಅಂದ ಹಾಗೆ ಆಗುವುದು ಇದಕ್ಕೇ. ಗಟ್ಟಿಮುಟ್ಟಾದ ಎಷ್ಟೋ ಜನರಲ್ಲಿ ಇದು ಆಗಾಗ ಇರುತ್ತದೆ. 'ಬ್ಲಾಕ್' ಅನ್ನುವ ಪದ ಮಾತ್ರ ಜನರನ್ನು ಬಹಳ ದಾರಿ ತಪ್ಪಿಸುತ್ತದೆ. ರಕ್ತನಾಳ ಕಟ್ಟಿಕೊಂಡಿದೆ ಅಂತ ತಿಳಿಯುತ್ತಾರೆ. ಇ.ಸಿ.ಜಿ. ಕಾಗದದ 'ಹಾರ್ಟ್ ಬ್ಲಾಕ್' ಅಂದರೆ ವಿದ್ಯುತ್ ದಾರಿಯಲ್ಲಿ ತಡೆ. ಕೆಲವು ತಡೆ ನಿರುಪದ್ರವಿ. ಪೂರ್ತಿ ತಡೆಯಾದರೆ ಮೇಲಿನ ಕೋಣೆ ಕೆಳಗಿನ ಕೋಣೆಗಳ ಮಾತುಕತೆಯೇ ನಿಂತುಹೋಗಿ, ಪೇಸ್‌ಮೇಕರ್ ಎಂಬ ಸಣ್ಣ ಬ್ಯಾಟರಿ ಸ್ಟಾರ್ಟರ್ ಕೂಡಿಸಬೇಕಾಗುತ್ತದೆ.

ಮುತ್ಯಾನ ನಾಡಿ

ಈ ಪಾಠ ಮಾಡಿದ ದಿನ ಮನೆಗೆಲಸ ಕೊಟ್ಟೆ. ಮನೆಯಲ್ಲಿ ಎಲ್ಲರ ನಾಡಿ ಒಂದು ನಿಮಿಷ ಪೂರ್ತಿ ಎಣಿಸಿ, ಸಮ ಇದೆಯೋ ಇಲ್ಲವೋ ಬರೆದುಕೊಂಡು ಬರಬೇಕು. ಮರುದಿನ ಎಲ್ಲರ ಪಟ್ಟಿ ಬಂತು. ಒಬ್ಬ ಹುಡುಗ ಮಾತ್ರ ಪುಸ್ತಕ ಮುಚ್ಚಿಕೊಂಡು ನಿಂತಿದ್ದ.

"ಸರ, ನಮ್ಮ ಮುತ್ಯಾಂದು ಲೆಕ್ಕಕ್ಕೇ ಸಿಗವಲ್ದ್ರಿ. ಒಮ್ಮೆ 78, ಒಮ್ಮೆ 91, ಮತ್ತೊಮ್ಮೆ 84 ಬಂತು."

ನೀನು ಎಣಿಸಿದ್ದೇ ತಪ್ಪು ಅಂತ ಹುಡುಗರೆಲ್ಲ ನಕ್ಕರು. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಸಂಜೆ ಪ್ರಯೋಗಾಲಯದ ಸ್ಟೆತಸ್ಕೋಪ್ ತಗೊಂಡು ಅವರ ಮನೆಗೆ ಹೋದೆ. ಎಪ್ಪತ್ತು ದಾಟಿದ ಮುತ್ಯಾ. ಕೆಲವು ತಿಂಗಳಿಂದ ಸುಸ್ತು, ಹೊಲದ ದಾರಿ ಅರ್ಧಕ್ಕೇ ಕೂರಬೇಕು. ವಯಸ್ಸಾಯ್ತು ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಾಡಿ ಹಿಡಿದೆ. ಎರಡು ಬೇಗ, ಒಂದು ತಡ, ಮೂರು ಬೇಗ, ಒಂದು ಬಿಟ್ಟೇಹೋಯ್ತು. ಹಿಂದೆ ಮುಂದೆ ಯಾವ ಲೆಕ್ಕವೂ ಇಲ್ಲ. ಹುಡುಗ ಮಣಿಕಟ್ಟು ಹಿಡಿದ, ನಾನು ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಒಂದೇ ಗಡಿಯಾರ ನೋಡಿಕೊಂಡು ಇಬ್ಬರೂ ಎಣಿಸಿದೆವು. ಎದೆಯಲ್ಲಿ 108, ಕೈಯಲ್ಲಿ 86. ಇಪ್ಪತ್ತೆರಡು ಬಡಿತ ಕೈವರೆಗೆ ಬಂದೇ ಇಲ್ಲ! ಹೃದಯ ತುಂಬಿಕೊಳ್ಳುವ ಮೊದಲೇ ಮತ್ತೆ ಬಡಿದರೆ ಆ ಬಡಿತದಲ್ಲಿ ರಕ್ತವೇ ಸಾಕಷ್ಟು ಇರುವುದಿಲ್ಲ, ಅದಕ್ಕೆ ನಾಡಿಯಲ್ಲಿ ಸಿಗುವುದಿಲ್ಲ.

ಇ.ಸಿ.ಜಿ. ತೆಗೆಸಿದಾಗ ಶಿಖರಗಳು ಮನಬಂದಂತೆ ಬಿದ್ದಿದ್ದವು. ಅವುಗಳ ಮುಂದೆ ಪಿ ಅಲೆಯೇ ಇರಲಿಲ್ಲ, ಬರೀ ನಡುಗುವ ಗೆರೆ. ಹುಡುಗಿಯ ಕಾಗದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಎರಡರಲ್ಲೂ ಅಂತರ ಸಮ ಇಲ್ಲ. ಅವಳದ್ದು ಉಸಿರಿನ ಜೊತೆ ಏರಿಳಿಯುತ್ತದೆ, ಪಿ ಅಲೆ ಇದೆ. ಮುತ್ಯಾನದ್ದಕ್ಕೆ ಯಾವ ಕ್ರಮವೂ ಇಲ್ಲ, ಪಿ ಅಲೆಯೂ ಇಲ್ಲ. ಇದರ ಹೆಸರು ಏಟ್ರಿಯಲ್ ಫೈಬ್ರಿಲೇಷನ್. ಹೃತ್ಕರ್ಣಗಳು ಹಿಂಡುವುದನ್ನು ಬಿಟ್ಟು ನಿಮಿಷಕ್ಕೆ ಮುನ್ನೂರೈವತ್ತಕ್ಕೂ ಹೆಚ್ಚು ಸಲ ಸುಮ್ಮನೆ ಅದುರುತ್ತವೆ. ಎ.ವಿ. ನೋಡ್ ತಡೆಯುವುದರಿಂದ ಅವುಗಳಲ್ಲಿ ಕೆಲವಷ್ಟೇ ಕೆಳಗೆ ಹೋಗುತ್ತವೆ. ಅದುರುವ ಕೋಣೆಯಲ್ಲಿ ರಕ್ತ ನಿಂತಲ್ಲೇ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವಾ. ಈ ತೊಂದರೆ ಇದ್ದವರಲ್ಲಿ ಲಕ್ವಾ ಹೊಡೆಯುವ ಅಪಾಯ ಸುಮಾರು ಐದು ಪಟ್ಟು ಹೆಚ್ಚು. ಮುತ್ಯಾನಿಗೆ ಹಲವು ವರ್ಷದಿಂದ ಬಿ.ಪಿ. ಇತ್ತು, ಗುಳಿಗೆ ಬಿಟ್ಟುಬಿಟ್ಟಿದ್ದರು. ವೈದ್ಯರು ಬಿ.ಪಿ. ಗುಳಿಗೆ ಮತ್ತೆ ಶುರು ಮಾಡಿ, ಹೃದಯದ ಓಟ ತಗ್ಗಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಕೊಟ್ಟರು.

ಕೈಯಲ್ಲಿ ಕಾಗದ ಹಿಡಿದು ಅಳುತ್ತಿದ್ದ ಮನೆಯಲ್ಲಿ ಕಾಯಿಲೆ ಇರಲಿಲ್ಲ. ಕಾಗದವೇ ಇಲ್ಲದ ಮನೆಯಲ್ಲಿ ಇತ್ತು.

ಹತ್ತು ಸೆಕೆಂಡಿನ ಮಾತು

ಇ.ಸಿ.ಜಿ. ಕಾಗದ ಸಾಮಾನ್ಯವಾಗಿ ಹತ್ತು ಸೆಕೆಂಡಿನದು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ನಿಮಿಷಕ್ಕೆ 70ರ ಹಾಗೆ ನೀವೇ ಗುಣಿಸಿ ನೋಡಿ. ಅದರಲ್ಲಿ ಹನ್ನೆರಡು ಹದಿಮೂರು ಬಡಿತ ನೋಡಿ 'ನಾರ್ಮಲ್' ಅಂತ ಬರೆದರೆ, ಆ ಹತ್ತು ಸೆಕೆಂಡು ನಾರ್ಮಲ್ ಅಂತ ಅರ್ಥ. ಕೆಲವು ಮಕ್ಕಳಿಗೆ ಕೂತಲ್ಲೇ ಒಮ್ಮೆಲೇ ಹೃದಯ ನಿಮಿಷಕ್ಕೆ 200ರ ಹತ್ತಿರ ಓಡಿ, ಸ್ವಿಚ್ಚು ಆರಿಸಿದ ಹಾಗೆ ಒಮ್ಮೆಲೇ ನಿಲ್ಲುತ್ತದೆ. ದವಾಖಾನೆ ಮುಟ್ಟುವಷ್ಟರಲ್ಲಿ ಇ.ಸಿ.ಜಿ. ಸರಿ ಇರುತ್ತದೆ. "ನಾಟಕ ಮಾಡ್ತಾನ" ಅಂತ ಬೈಸಿಕೊಳ್ಳುತ್ತಾರೆ ಪಾಪ. ಇಂಥವರಿಗೆ ಹೋಲ್ಟರ್ ಪರೀಕ್ಷೆ ಇದೆ. ಅಂಗಿಯೊಳಗೆ ಕಟ್ಟಿಕೊಳ್ಳುವ ಸಣ್ಣ ಪೆಟ್ಟಿಗೆ 24 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಪ್ರತಿ ಬಡಿತವನ್ನೂ ದಾಖಲಿಸುತ್ತದೆ. ಅಮೆರಿಕದ ನಾರ್ಮನ್ ಹೋಲ್ಟರ್ ಮೊದಲು ಮಾಡಿದ ಪೆಟ್ಟಿಗೆ 38 ಕಿಲೋ ಇತ್ತು, ಬೆನ್ನಿಗೆ ಹೊತ್ತುಕೊಳ್ಳಬೇಕಿತ್ತು. ಮೂಟೆ ಹೊತ್ತವನ ಹೃದಯ ಸಹಜವಾಗಿ ಹೇಗೆ ಬಡಿದೀತೋ! ಇನ್ನು ಎಕೋ ಪರೀಕ್ಷೆ ಬೇರೆ. ಅದು ಶಬ್ದದ ಅಲೆಗಳಿಂದ ಕವಾಟ, ಗೋಡೆಗಳನ್ನು ತೋರಿಸುತ್ತದೆ. ಒಂದು ವೈರಿಂಗ್ ನೋಡುವುದು, ಇನ್ನೊಂದು ಪಂಪು ನೋಡುವುದು.

ನಿಮ್ಮ ವಯಸ್ಸಿನವರು ತಿಳಿದಿರಲೇಬೇಕಾದ ಇನ್ನೊಂದು ಮಾತು ಇದೆ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಗಂಟಲು ನೋವು, ಜ್ವರ ಬಂದು, ಎರಡು ಮೂರು ವಾರದ ಮೇಲೆ ಮೊಣಕಾಲು ಬಾತು, ಅದು ಇಳಿದು ಮೊಣಕೈ ಬಾತು, ಹೀಗೆ ಕೀಲಿನಿಂದ ಕೀಲಿಗೆ ನೋವು ಜಿಗಿಯುತ್ತಿದ್ದರೆ ಅದು ರುಮ್ಯಾಟಿಕ್ ಜ್ವರ ಇರಬಹುದು. ಅದು ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಆಗ ಇ.ಸಿ.ಜಿ.ಯಲ್ಲಿ ಪಿ ಅಲೆಯ ಶುರುವಿನಿಂದ ಶಿಖರದ ಶುರುವಿನವರೆಗಿನ ಅಂತರ ಐದು ಸಣ್ಣ ಚೌಕ ದಾಟಿ ಹೋಗಬಹುದು. ಬೇಗ ಗುರುತಿಸಿದರೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು ಅದು ಮರುಕಳಿಸದಂತೆ, ಕವಾಟ ಇನ್ನಷ್ಟು ಕೆಡದಂತೆ ನೋಡಿಕೊಳ್ಳುತ್ತಾರೆ. ಬಿಟ್ಟರೆ ಇಪ್ಪತ್ತು ಮೂವತ್ತರ ವಯಸ್ಸಿನಲ್ಲೇ ಮುತ್ಯಾನ ಆ ಅದುರುವ ಲಯ ಬರಬಹುದು. "ಗಂಟಲ ಬ್ಯಾನಿ ಏನ್ ಮಹಾ" ಅನ್ನಬೇಡಿ.

ಹಾಗೇ ಓಡುವಾಗ ಎಚ್ಚರ ತಪ್ಪಿ ಬಿದ್ದರೆ, ಎದೆ ಬಡಿತ ಜೋರಾದಾಗ ಕಣ್ಣು ಕತ್ತಲಿಟ್ಟರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದರೆ ಮುಚ್ಚಿಡದೆ ಹೇಳಿ, ತೋರಿಸಿ. ಬಿಸಿಲಿನಲ್ಲಿ ಪ್ರಾರ್ಥನೆಗೆ ನಿಂತು ತಲೆ ಸುತ್ತುವುದು ಬೇರೆ, ಓಟದ ನಡುವೆ ಕುಸಿಯುವುದು ಬೇರೆ.

ತಂತಿಯ ಮೇಲೆ ಬಂದ ಮಿಡಿತ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಿಮ್ಮಲ್ಲಿ ಕೆಲವರು ಅತ್ತಿದ್ದು ನನಗೆ ನೆನಪಿದೆ. ಅಂದಿನಿಂದ ಹೃದಯಾಘಾತ, ಹೃದಯಸ್ತಂಭನ ಎರಡೂ ಪದ ಎಲ್ಲರ ಬಾಯಲ್ಲೂ ಇವೆ, ಒಂದರ ಬದಲು ಇನ್ನೊಂದು. ಆಘಾತ ಅಂದರೆ ಹೃದಯಕ್ಕೇ ರಕ್ತ ತರುವ ನಾಳ ಕಟ್ಟಿಕೊಳ್ಳುವುದು, ಪೈಪಿನಲ್ಲಿ ಹೂಳು ತುಂಬಿದ ಹಾಗೆ. ಸ್ತಂಭನ ಅಂದರೆ ಬಡಿತವೇ ನಿಲ್ಲುವುದು, ಮೋಟರಿನ ಕರೆಂಟು ಕೆಟ್ಟ ಹಾಗೆ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಬಹುದು. ಆಘಾತದಲ್ಲಿ ಮನುಷ್ಯ ಮಾತಾಡುತ್ತಿರುತ್ತಾನೆ, ಎದೆ ಹಿಂಡುತ್ತದೆ, ಬೆವರುತ್ತಾನೆ. ಸ್ತಂಭನದಲ್ಲಿ ಕುಸಿದು ಬೀಳುತ್ತಾನೆ, ಉಸಿರಿಲ್ಲ. ಆಗ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಎರಡೂ ಕೈಯಿಂದ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಬೇಕು. ಆಗ ಇ.ಸಿ.ಜಿ.ಗಾಗಿ ಕಾಯುತ್ತ ಕೂರುವಂತಿಲ್ಲ.

ಆಘಾತದಲ್ಲಿ ಮಾತ್ರ ಮೊದಲ ಹತ್ತು ನಿಮಿಷದೊಳಗೆ ಒಂದು ಇ.ಸಿ.ಜಿ. ತೆಗೆದರೆ ಜೀವ ಉಳಿಯಬಹುದು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಇದನ್ನೇ ಹಿಡಿದುಕೊಂಡರು. ಚಿಕ್ಕ ವಯಸ್ಸಿನ ಒಬ್ಬ ಆಟೋ ಚಾಲಕನಿಗೆ ಸಮಯಕ್ಕೆ ಇ.ಸಿ.ಜಿ. ಆಗದೆ ಜೀವ ಹೋದದ್ದು ಅವರ ಮನಸ್ಸಿಗೆ ತಟ್ಟಿತು. 2018ರಿಂದ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದಾನಿಗಳಿಂದ ಇ.ಸಿ.ಜಿ. ಯಂತ್ರ ಕೊಡಿಸುತ್ತ ಬಂದರು. ಹಳ್ಳಿಯ ವೈದ್ಯರು ಕಾಗದದ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ತಜ್ಞರು ನೋಡಿ ಏನು ಮಾಡಬೇಕು ಅಂತ ತಕ್ಷಣ ಹೇಳುತ್ತಾರೆ. ಕರ್ನಾಟಕ ಸರ್ಕಾರ 2023ರಲ್ಲಿ ಪುನೀತ್ ಹೆಸರಿನಲ್ಲೇ ಹೃದಯಜ್ಯೋತಿ ಯೋಜನೆ ಶುರು ಮಾಡಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಜಯದೇವದಂಥ ದೊಡ್ಡ ಸಂಸ್ಥೆಗೆ ಹೋಗುತ್ತದೆ, ಬೇಕಾದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ಐಂತೋವನ್ನನ ಟೆಲಿಫೋನ್ ತಂತಿ ನೆನಪಾಯಿತೇ? ಅದೇ ಉಪಾಯ, ಅಲ್ಲಿ ತಂತಿ, ಇಲ್ಲಿ ಮೊಬೈಲು.

ಗಡಿಯಲ್ಲಿರುವ ನಮಗೆ ದವಾಖಾನೆಯ ದಾರಿ ಎರಡು ಕಡೆಗೆ ಹೋಗುತ್ತದೆ. ಜಹೀರಾಬಾದ್, ನಾರಾಯಣಖೇಡದವರಿಗೆ ಹೈದರಾಬಾದಿಗಿಂತ ಬೀದರ ಹತ್ತಿರ. ತಾಂಡೂರಿನವರು ಸೇಡಂ, ವಾಡಿ ಮೇಲೆ ರೈಲಿನಲ್ಲಿ ಕಲಬುರಗಿಗೆ ಹೋಗುತ್ತಾರೆ, ಅಲ್ಲಿಯೂ ಜಯದೇವ ಆಸ್ಪತ್ರೆ ಇದೆ. ಆದರೆ ಎದೆ ನೋವು ಬಂದ ರಾತ್ರಿ ಯಾವ ಊರು ಅಂತ ಚರ್ಚೆ ಮಾಡುತ್ತ ಹೊತ್ತು ಕಳೆಯಬಾರದು. ಮೊದಲು ಇ.ಸಿ.ಜಿ. ಇರುವ ಹತ್ತಿರದ ಜಾಗ, ಆಮೇಲೆ ಉಳಿದದ್ದು. ನಿಮ್ಮ ಊರಿಗೆ ಹತ್ತಿರ ಆ ಯಂತ್ರ ಎಲ್ಲಿದೆ, ರಾತ್ರಿಯೂ ತೆಗೆಯುತ್ತಾರೋ ಇಲ್ಲವೋ ಅಂತ ಈ ವಾರ ಕೇಳಿಕೊಂಡು ಬಂದು ತರಗತಿಯ ಬೋರ್ಡಿನ ಮೂಲೆಯಲ್ಲಿ ಬರೆಯಿರಿ.

ಮುತ್ಯಾ ಈಗ ಹೊಲದವರೆಗೆ ನಡೆದು ಹೋಗುತ್ತಾರೆ. ಗುಳಿಗೆ ತಗೊಂಡರೋ ಇಲ್ಲವೋ ಅಂತ ಮೊಮ್ಮಗ ದಿನಾ ನಾಡಿ ಹಿಡಿದು ವಿಚಾರಣೆ ಮಾಡುತ್ತಾನಂತೆ. ಹುಡುಗಿಯ ತಾಯಿಯನ್ನು ಶಾಲೆಗೆ ಕರೆಸಿ, ವೈದ್ಯರು ಹೇಳಿದ್ದನ್ನು ಚೌಕ ಎಣಿಸಿ ತೋರಿಸಿದೆವು. ಒಂದು ವಾರ ಅನುಮಾನದಲ್ಲೇ ಇದ್ದರು. ಆಮೇಲೆ ಬಿಟ್ಟರು. ಮಂಡಲ ಮಟ್ಟದ ಖೋ ಖೋ ಪಂದ್ಯದ ದಿನ ಅವಳು ಆಟ ಮುಗಿಸಿ ಏದುಸಿರು ಬಿಡುತ್ತ ನನ್ನ ಹತ್ತಿರ ಬಂದು, ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡು ಹತ್ತು ಸೆಕೆಂಡು ಎಣಿಸಿದಳು.

"ಇಪ್ಪತ್ತೇಳು ಸರ! ಆರರಿಂದ ಗುಣಿಸಿದ್ರ ನೂರಾ ಅರವತ್ತೆರಡು."

ಒಂದು ನಿಮಿಷ ಕೂತು ಮತ್ತೆ ಎಣಿಸಿದಳು. ಇಪ್ಪತ್ತು.